ಅಜ್ಜಿ ಹೇಳೋದು ನಿಜನಾ, ನೀವು ಹೇಳೋದು ನಿಜನಾ?

ಮೈಸೂರು, ಮಂಡ್ಯ ಕಡೆಯ ಯಾವುದೇ ಮನೆಯನ್ನು ತೆಗೆದುಕೊಳ್ಳಿ. ಅಜ್ಜಿಗೆ ಶನಿವಾರ ಒಪ್ಪತ್ತು. ತಾತನಿಗೆ ಮನೆದೇವರು ಬಿಟ್ಟರೆ ಉಳಿದ ದೇವರ ಉಸಾಬರಿ ಬೇಡ. ಅಪ್ಪ ಭಾನುವಾರ ಮಟನ್ ತರುತ್ತಾರೆ, ಅಮ್ಮನ ತವರಿನಲ್ಲಿ ಮೊಟ್ಟೆಯೂ ಹೊಸಿಲು ದಾಟುವಂತಿಲ್ಲ. ಚಿಕ್ಕಪ್ಪ ‘ದೇವರೂ ಇಲ್ಲ, ದಿಂಡರೂ ಇಲ್ಲ’ ಎನ್ನುವವರು. ಅತ್ತೆ ವಾಸ್ತು ನೋಡಿ ಅಡುಗೆಮನೆ ಗೋಡೆ ಒಡೆಸಿದವರು. ಇಷ್ಟೂ ಜನ ಯುಗಾದಿಗೆ ಒಂದೇ ಪಂಕ್ತಿಯಲ್ಲಿ ಕೂತು ಒಬ್ಬಟ್ಟು ತಿನ್ನುತ್ತಾರೆ, ಏನೂ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ಮಗುವಿಗೆ ಐದಾರು ವರ್ಷ ತುಂಬಿ, ಊಟದ ನಡುವೆ ತಲೆಯೆತ್ತಿ ಈ ಪ್ರಶ್ನೆ ಕೇಳಿದಾಗ.

ಇದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರಗಳು ಮೂರು. ‘ಅಜ್ಜಿಗೆ ಗೊತ್ತಾಗಲ್ಲ ಬಿಡು’ ಅನ್ನುವುದು ಒಂದು. ಮಗು ಅಂದಿನಿಂದ ಅಜ್ಜಿಯ ಮಾತನ್ನೆಲ್ಲ ಅಳೆಯಲು ಶುರುಮಾಡುತ್ತದೆ; ‘ರಸ್ತೆ ದಾಟುವಾಗ ಕೈ ಹಿಡ್ಕೋ’ ಎಂದರೂ ‘ನಿಂಗೇನ್ ಗೊತ್ತು’ ಎನ್ನುತ್ತದೆ. ‘ಸುಮ್ನೆ ಊಟ ಮಾಡು’ ಇನ್ನೊಂದು. ಕೇಳಬಾರದ ಪ್ರಶ್ನೆಯೂ ಇದೆ ಎಂದು ಕಲಿತ ಮಗು ಮುಂದಿನ ಸಲ ನಿಮ್ಮನ್ನು ಬಿಟ್ಟು ಬೇರೆಯವರನ್ನು ಕೇಳುತ್ತದೆ. ಮೂರನೆಯದು ಓದಿದವರ ಉತ್ತರ: ‘ಎರಡೂ ನಿಜ ಪುಟ್ಟ.’ ಕೇಳಲು ಚೆನ್ನಾಗಿದೆ. ಆದರೆ ಗ್ರಹಣದ ಹೊತ್ತಿನಲ್ಲಿ ಅನ್ನ ವಿಷವಾಗುತ್ತದೆ, ಆಗುವುದಿಲ್ಲ ಎರಡೂ ನಿಜವಾಗಲು ಸಾಧ್ಯವಿಲ್ಲ ಎಂಬುದು ಆರು ವರ್ಷದ ಮಗುವಿಗೂ ಗೊತ್ತು. ದೊಡ್ಡವರು ಜಗಳ ತಪ್ಪಿಸಲು ಏನು ಬೇಕಾದರೂ ಹೇಳುತ್ತಾರೆ ಎಂಬುದಷ್ಟೇ ಅದಕ್ಕೆ ಮನದಟ್ಟಾಗುತ್ತದೆ.

ನಡೆಯುವ ಉತ್ತರ ಸ್ವಲ್ಪ ಉದ್ದ. ‘ಅಜ್ಜಿ ಹಾಗೆ ನಂಬ್ತಾರೆ, ಅವರ ಅಮ್ಮನೂ ನಂಬ್ತಿದ್ರು. ನಾನು ನಂಬಲ್ಲ. ನೀನು ದೊಡ್ಡೋನಾಗ್ತಾ ನೋಡಿ, ಕೇಳಿ, ತೀರ್ಮಾನ ಮಾಡು. ಈಗ ಅಜ್ಜಿ ಜೊತೆ ದೀಪ ಹಚ್ಬೇಕು ಅನ್ಸಿದ್ರೆ ಹೋಗು.’ ಯಾರು ಏನು ನಂಬುತ್ತಾರೆ, ಅದು ಅವರಿಗೆ ಎಲ್ಲಿಂದ ಬಂತು, ನನ್ನ ನಿಲುವೇನು, ನಿನಗೆ ಅವಸರವಿಲ್ಲ — ನಾಲ್ಕೂ ಇದರಲ್ಲಿವೆ. ಯಾವುದನ್ನು ಬಿಟ್ಟರೂ ಕುಂಟುತ್ತದೆ. ಹೆಚ್ಚಿನವರು ಬಿಡುವುದು ಮೂರನೆಯದನ್ನು. ಮಗುವಿನ ಮೇಲೆ ಪ್ರಭಾವ ಬೀರಬಾರದೆಂದು ತಮ್ಮ ಅಭಿಪ್ರಾಯವನ್ನೇ ಮುಚ್ಚಿಡುತ್ತಾರೆ. ಮಗು ಅದನ್ನು ನಿಮ್ಮ ಮುಖದಲ್ಲಿ ಓದಿಯೇ ಓದುತ್ತದೆ, ಹೇಳಿಬಿಡುವುದೇ ಮೇಲು.

ಉತ್ತರ ಹೇಳುವ ಮೊದಲು ವಯಸ್ಸು ನೋಡಿ

ಸುಮಾರು ನಾಲ್ಕು ವರ್ಷದೊಳಗಿನ ಮಗುವಿಗೆ ‘ಅವರು ಹಾಗೆ ನಂಬ್ತಾರೆ’ ಎಂಬ ಮಾತು ತಲುಪುವುದೇ ಇಲ್ಲ. ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತಿದೆ ಎಂದೇ ಅದರ ಎಣಿಕೆ. ಮನೆಯಲ್ಲೇ ಪರೀಕ್ಷಿಸಬಹುದು. ಬಿಸ್ಕತ್ ಪೊಟ್ಟಣದೊಳಗೆ ಅವರೆಕಾಳು ತುಂಬಿಸಿ, ಮಗುವಿಗೆ ತೆರೆದು ತೋರಿಸಿ, ಮತ್ತೆ ಮುಚ್ಚಿ. ‘ಅಣ್ಣ ಇನ್ನೂ ಇದನ್ನ ನೋಡಿಲ್ಲ. ಒಳಗೆ ಏನಿದೆ ಅಂದ್ಕೊಳ್ತಾನೆ?’ ಎಂದು ಕೇಳಿ. ಮೂರು ವರ್ಷದ ಮಗು ಹೆಚ್ಚಾಗಿ ‘ಅವರೆಕಾಳು’ ಎನ್ನುತ್ತದೆ. ನಾಲ್ಕೂವರೆ, ಐದರ ಹೊತ್ತಿಗೆ ‘ಬಿಸ್ಕತ್ತು’ ಎಂದು ನಗುತ್ತದೆ. ಆ ನಗು ಬರುವವರೆಗೆ ನಂಬಿಕೆಯ ಚರ್ಚೆ ಬೇಡ. ದೀಪ ಹಚ್ಚುವುದನ್ನು, ರಂಗೋಲಿಯನ್ನು, ಪ್ರಸಾದದ ಪುಳಿಯೋಗರೆಯನ್ನು ಅನುಭವಿಸಲು ಬಿಡಿ. ಈ ವಯಸ್ಸಿನಲ್ಲಿ ತಡೆಯಬೇಕಾದದ್ದು ಹೆದರಿಕೆಯನ್ನು ಮಾತ್ರ. ‘ದೇವರು ಕಣ್ಣು ಕೀಳ್ತಾನೆ’, ‘ಗುಮ್ಮ ಎತ್ಕೊಂಡ್ ಹೋಗ್ತಾನೆ’ ಎಂಬ ಮಾತುಗಳನ್ನು ಮಗು ಅಕ್ಷರಶಃ ತೆಗೆದುಕೊಳ್ಳುತ್ತದೆ. ಹಗಲು ಕೇಳಿದ್ದು ರಾತ್ರಿ ಬೆಚ್ಚಿಬೀಳಲು ಸಾಕು.

ಐದರಿಂದ ಏಳರವರೆಗೆ ಮಾತುಗಳನ್ನು ಮೂರು ರಾಶಿ ಮಾಡಿಸುವ ಆಟ ಆಡಬಹುದು: ಗೊತ್ತಿರೋದು, ನಂಬೋದು, ಇಷ್ಟ. ‘ಕಾವೇರಿ ತಲಕಾವೇರಿಯಲ್ಲಿ ಹುಟ್ಟುತ್ತೆ’, ‘ಕಾವೇರಿ ದೇವಿ’, ‘ನಂಗೆ ನದೀಲಿ ಆಡೋದು ಇಷ್ಟ’ — ಯಾವುದು ಯಾವ ರಾಶಿಗೆ? ಊಟದ ಹೊತ್ತಿಗೆ ಮೂರ್ನಾಲ್ಕು ವಾಕ್ಯ ಸಾಕು. ಅಜ್ಜಿಯನ್ನೂ ಆಟಕ್ಕೆ ಸೇರಿಸಿ. ‘ಕೃಷ್ಣ ಬೆಣ್ಣೆ ಕದ್ದ’ ಯಾವ ರಾಶಿ ಎಂಬುದಕ್ಕೆ ಅವರ ಉತ್ತರ ನಿಮ್ಮದಕ್ಕಿಂತ ಚುರುಕಾಗಿರುವ ಸಾಧ್ಯತೆ ಇದೆ. ಎಂಟರ ನಂತರ ಕೇಳಬೇಕಾದ ಪ್ರಶ್ನೆ ‘ನಿಂಗೆ ಹೇಗೆ ಗೊತ್ತಾಯ್ತು?’ ಹನ್ನೊಂದು, ಹನ್ನೆರಡರ ನಂತರ: ‘ಏನಾದ್ರೆ ನಿನ್ನ ಅಭಿಪ್ರಾಯ ಬದಲಾಗುತ್ತೆ?’ ಈ ಎರಡನೆಯದನ್ನು ಮಕ್ಕಳು ನಿಮಗೂ ತಿರುಗಿಸಿ ಕೇಳುತ್ತಾರೆ. ಉತ್ತರ ಇಟ್ಟುಕೊಂಡಿರಿ.

ದೊಡ್ಡವರ ಒಪ್ಪಂದ

ಮಗುವಿನ ಜೊತೆ ಮಾತು ಎಷ್ಟೇ ಚೆನ್ನಾಗಿದ್ದರೂ ಗಂಡ ಹೆಂಡತಿ ಮೊದಲು ಕೂತು ಮಾತಾಡದಿದ್ದರೆ ಎಲ್ಲವೂ ವ್ಯರ್ಥ. ಮಕ್ಕಳು ಮಲಗಿದ ಮೇಲೆ ಅರ್ಧ ಗಂಟೆ, ಒಂದು ಹಾಳೆ, ಮೂರು ಕಾಲಂ. ‘ಬೇಡವೇ ಬೇಡ’, ‘ನಡೆಯಲಿ’, ‘ಮಗುವೇ ಹೇಳಲಿ’. ಮುಡಿ ಕೊಡುವುದು, ಕಿವಿ ಚುಚ್ಚಿಸುವುದು, ಜಾತಕ ಬರೆಸುವುದು, ತಾಯತ, ಉಪವಾಸ, ಮಾಂಸ, ಜಾತ್ರೆ, ಚರ್ಚು-ದರ್ಗಾಗಳಿಗೆ ಹೋಗುವುದು, ಶಾಲೆಯ ಪ್ರಾರ್ಥನೆ. ಎಂಟು ಹತ್ತು ಬಾಬತ್ತು ಇದ್ದೇ ಇರುತ್ತವೆ. ಮೊದಲ ಕಾಲಂ ಮೂರು ಸಾಲು ಮೀರಿದರೆ ಆ ಹಾಳೆ ಮನೆಯಲ್ಲಿ ಉಳಿಯುವುದಿಲ್ಲ. ಎಲ್ಲದಕ್ಕೂ ‘ಬೇಡವೇ ಬೇಡ’ ಎಂದವರ ಮಾತು ನಿಜವಾಗಿ ಬೇಕಾದಾಗ ನಡೆಯುವುದಿಲ್ಲ. ನನ್ನ ಪ್ರಕಾರ ಆ ಕಾಲಂನಲ್ಲಿ ಇರಬೇಕಾದದ್ದು ಎರಡೇ: ಮಗುವಿನ ಮೈಗೆ ಅಪಾಯ ತರುವುದು, ಇನ್ನೊಬ್ಬ ಮನುಷ್ಯನನ್ನು ಕೀಳು ಮಾಡುವುದು. ಮೂರನೆಯ ಸಾಲು ನಿಮ್ಮ ನಿಮ್ಮ ಇಷ್ಟ.

ಹಾಳೆಯನ್ನು ಹಿರಿಯರಿಗೆ ಓದಿ ಹೇಳಬೇಡಿ, ಅದು ನೋಟಿಸ್ ಕೊಟ್ಟಂತಾಗುತ್ತದೆ. ಅದರಲ್ಲಿರುವುದನ್ನು ಯಾರು ಯಾರಿಗೆ ಹೇಳಬೇಕು ಎಂಬುದೇ ಅರ್ಧ ಕೆಲಸ. ಗಂಡನ ತಾಯಿಗೆ ಗಂಡನೇ ಹೇಳಬೇಕು, ಹೆಂಡತಿಯ ತಂದೆಗೆ ಹೆಂಡತಿಯೇ. ಸೊಸೆ ಹೇಳಿದರೆ ವಿಷಯ ಗ್ರಹಣದ್ದಾಗಿರುವುದಿಲ್ಲ, ಸೊಸೆಯದಾಗುತ್ತದೆ. ಹಬ್ಬದ ಬೆಳಿಗ್ಗೆ, ನೆಂಟರ ಮುಂದೆ, ಮಗು ಅಳುತ್ತಿರುವಾಗ ಹೇಳಬಾರದು. ಹಬ್ಬದ ದಿನ ಏನು ನಡೆಯುತ್ತದೋ ನಡೆಯಲಿ, ಎರಡು ದಿನ ಬಿಟ್ಟು ಕಾಫಿ ಹೊತ್ತಿನಲ್ಲಿ ಎತ್ತಿ. ‘ನೀವು ನಂಬೋದು ತಪ್ಪು’ ಎಂದು ಶುರುಮಾಡಿದವರು ಗೆದ್ದದ್ದಿಲ್ಲ. ‘ನಿಮ್ಮ ಪೂಜೆ ಬಗ್ಗೆ ಅಲ್ಲಮ್ಮ, ಪಾಪುಗೆ ರಾತ್ರಿ ಹೆದರಿಕೆ ಆಗ್ತಿದೆ, ಅದೊಂದ್ ಮಾತ್ ಬಿಡೋಣ’ ಎಂದರೆ ಬಹುಪಾಲು ನಡೆಯುತ್ತದೆ.

ಒಂದು ಕೆಲಸವನ್ನು ಮಾತ್ರ ಯಾರೂ ಮಾಡಕೂಡದು: ಮಗುವಿಗೆ ‘ಅಜ್ಜಿಗೆ ಹೇಳ್ಬೇಡ’ ಎನ್ನುವುದು. ಮೊಟ್ಟೆ ತಿನ್ನಿಸಿ ಹೇಳ್ಬೇಡ, ದರ್ಗಾಕ್ಕೆ ಕರೆದುಕೊಂಡು ಹೋಗಿ ಹೇಳ್ಬೇಡ, ದೃಷ್ಟಿ ತೆಗೆಸಿ ಅಪ್ಪನಿಗೆ ಹೇಳ್ಬೇಡ. ಇದರಲ್ಲಿ ಎರಡು ಹಾನಿ. ಮಗು ಎರಡು ಪಕ್ಷಗಳ ನಡುವಿನ ಬೇಹುಗಾರನಾಗುತ್ತದೆ. ದೊಡ್ಡವರ ಗುಟ್ಟನ್ನು ಮನೆಯವರಿಂದ ಮುಚ್ಚಿಡುವುದು ಸಹಜ ಎಂದೂ ಕಲಿಯುತ್ತದೆ. ಮಗುವಿನ ಮೈಮುಟ್ಟಿ ಕೆಟ್ಟದಾಗಿ ನಡೆದುಕೊಳ್ಳುವವರು ಹೇಳುವುದೂ ಇದನ್ನೇ. ಆ ಅಭ್ಯಾಸ ಮನೆಯಲ್ಲೇ ಆಗಬಾರದು.

ತಟ್ಟೆಯ ವಿಷಯ

ತತ್ವಕ್ಕಿಂತ ಹೆಚ್ಚು ಮನಸ್ತಾಪ ತಟ್ಟೆಯಲ್ಲಿ ಹುಟ್ಟುತ್ತದೆ. ಒಂದೇ ಮನೆಯಲ್ಲಿ ತಿನ್ನುವವರೂ ತಿನ್ನದವರೂ ಇದ್ದರೆ ವ್ಯವಸ್ಥೆ ಕಣ್ಣಿಗೆ ಕಾಣುವಂತಿರಬೇಕು: ಮಾಂಸಕ್ಕೆ ಬೇರೆ ಪಾತ್ರೆ, ಬೇರೆ ಸೌಟು, ಸಾಧ್ಯವಾದರೆ ಹಿತ್ತಲಲ್ಲೋ ಮಹಡಿಯಲ್ಲೋ ಒಂದು ಒಲೆ, ತೊಳೆಯಲು ಬೇರೆ ನಾರು. ವಾರಗಳ ವಿಷಯದಲ್ಲಿ ಮನೆಯ ರೂಢಿಯೇ ಸಹಾಯಕ್ಕೆ ಬರುತ್ತದೆ. ಸೋಮವಾರ, ಶನಿವಾರ, ಶ್ರಾವಣ ಎಂದು ತಿನ್ನುವವರೂ ಬಿಡುವ ದಿನಗಳು ನಮ್ಮಲ್ಲಿ ಬೇಕಾದಷ್ಟಿವೆ. ಮಗುವಿಗೆ ನಿಯಮ ಒಂದೇ: ಇನ್ನೊಬ್ಬರ ತಟ್ಟೆ ನೋಡಿ ‘ಛೀ’ ಅನ್ನಬಾರದು. ಇದು ಎರಡೂ ಕಡೆಗೆ. ಬಾಡೂಟ ಕಂಡು ಮೂಗು ಮುಚ್ಚುವುದೂ, ‘ಪುಳಿಚಾರು’ ಎಂದು ಗೇಲಿ ಮಾಡುವುದೂ ಒಂದೇ ತಪ್ಪು. ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ಕೊಡುತ್ತಾರೆ, ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಶಾಲೆಗೆ ಬರೆದುಕೊಡುವ ಮೊದಲು ಯಾವುದು ಬೇಕೆಂದು ಮಗುವನ್ನೂ ಒಂದು ಮಾತು ಕೇಳಿ.

ಮಹಾಲಯ ಅಮಾವಾಸ್ಯೆಯ ಎಡೆಯನ್ನು ವಿಚಾರವಾದಿ ಅಪ್ಪಂದಿರು ದಯವಿಟ್ಟು ಹಾಳು ಮಾಡಬೇಡಿ. ಹೋದವರಿಗೆ ಇಷ್ಟವಾಗಿದ್ದ ಮಾಂಸದ ಸಾರು, ಮುದ್ದೆ, ಕಜ್ಜಾಯ, ಎಲೆಅಡಿಕೆ ಇಟ್ಟು ಬಾಗಿಲು ಮುಂದೆ ಮಾಡಿ ಕೂರುವಾಗ ಮಗು ‘ತಾತ ಬಂದು ತಿಂತಾರಾ?’ ಎಂದು ಕೇಳುತ್ತದೆ. ‘ಬರ್ತಾರೆ ಅಂತ ಅಜ್ಜಿ ನಂಬ್ತಾರೆ. ನಂಗೆ ತಾತನ್ನ ನೆನೆಸ್ಕೊಳ್ಳೋ ದಿನ ಇದು’ ಎಂದರೆ ಸುಳ್ಳೂ ಇಲ್ಲ, ಮುರಿದದ್ದೂ ಇಲ್ಲ. ತಾತನ ಬಗ್ಗೆ ನಾಲ್ಕು ಮಾತು ಹೇಳಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಉಪವಾಸಕ್ಕೆ ಮಗು ತಾನಾಗಿ ಹಠ ಹಿಡಿದರೆ ಒಂದು ಹೊತ್ತು ಬಿಡಲಿ, ನೀರು, ಹಣ್ಣು, ಹಾಲು ಇರಲಿ. ನೀರೂ ಇಲ್ಲದ ಉಪವಾಸ ಚಿಕ್ಕವರಿಗೆ ಬೇಡ. ಪ್ರಾಯಕ್ಕೆ ಬರುವವರೆಗೆ ರೋಜಾ ಕಡ್ಡಾಯವಲ್ಲ ಎಂಬುದು ಮುಸ್ಲಿಮರ ಮನೆಗಳಲ್ಲೂ ಒಪ್ಪಿದ ಮಾತು.

ಮೈಯ ವಿಷಯದಲ್ಲಿ ರಾಜಿಯಿಲ್ಲ, ಆದರೆ ದಾರಿಯಿದೆ

ಮಗುವಿಗೆ ಸೀತಾಳೆ ಸಿಡುಬು ಎದ್ದರೆ ‘ಅಮ್ಮ ಬಂದವ್ಳೆ, ಡಾಕ್ಟರ್ ಹತ್ರ ಹೋಗ್ಬಾರ್ದು’ ಎನ್ನುವ ಹಿರಿಯರು ಇನ್ನೂ ಇದ್ದಾರೆ. ಇಲ್ಲಿ ಪೂರ್ತಿ ಎದುರು ನಿಲ್ಲುವ ಅಗತ್ಯವಿಲ್ಲ. ಹಿರಿಯರ ಪದ್ಧತಿಯ ಬಹುಭಾಗ ನಿರಪಾಯ, ಕೆಲವು ಉಪಯುಕ್ತ. ಬೇವಿನ ಸೊಪ್ಪು ಹಾಸಿಗೆಯ ಪಕ್ಕ ಇರಲಿ. ಮೊಸರನ್ನ, ಅಂಬಲಿ ಕೊಡಲಿ. ಹೊರಗಿನವರನ್ನು ಒಳಗೆ ಬಿಡದಿರುವುದು ಒಳ್ಳೆಯದೇ, ಏಕೆಂದರೆ ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದ ಎಲ್ಲ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೂ ಇದು ಅಂಟುತ್ತದೆ. ಅಂಟಿದವರಲ್ಲಿ ಕಾಣಿಸಲು 10ರಿಂದ 21 ದಿನ ಬೇಕು. ಇದಕ್ಕೆ ನೀವು ಸೇರಿಸಬೇಕಾದದ್ದು: ಉಗುರು ಕತ್ತರಿಸುವುದು, ಬೆಚ್ಚಗಿನ ನೀರಿನ ಸ್ನಾನ, ವೈದ್ಯರಿಗೆ ಒಮ್ಮೆ ತೋರಿಸುವುದು. ಜ್ವರಕ್ಕೆ ಆಸ್ಪಿರಿನ್ ಕೊಡಲೇಬಾರದು. ಮಕ್ಕಳಲ್ಲಿ ಅದು ಮಿದುಳು, ಯಕೃತ್ತಿಗೆ ಕುತ್ತು ತರಬಲ್ಲದು. ಏದುಸಿರು, ಎಚ್ಚರಗೊಳ್ಳದ ಮಂಪರು, ಗುಳ್ಳೆಯ ಸುತ್ತ ಕೆಂಪಾಗಿ ಊತ ಕಂಡರೆ ಆಸ್ಪತ್ರೆ, ಆಗ ಯಾರ ಅಪ್ಪಣೆಗೂ ಕಾಯಬೇಡಿ. ವಾಸಿಯಾದ ಮೇಲೆ ಅಜ್ಜಿ ಮಾರಮ್ಮನಿಗೆ ತಂಪು ಮಾಡಿಸಲಿ. ಮಗು ಎರಡನ್ನೂ ನೋಡುತ್ತದೆ, ಎರಡಕ್ಕೂ ಜಗಳವಿಲ್ಲ ಎಂಬುದನ್ನೂ.

ದಡಾರಕ್ಕೆ ಲಸಿಕೆ ಇದೆ: ಸರ್ಕಾರಿ ಪಟ್ಟಿಯಲ್ಲಿ ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಮಗುವಿಗೆ 9–12 ತಿಂಗಳಾದಾಗ ಒಮ್ಮೆ, 16–24 ತಿಂಗಳಾದಾಗ ಇನ್ನೊಮ್ಮೆ. ಇದು ‘ಮಾತಾಡೋಣ’ ಅನ್ನುವ ಬಾಬತ್ತಲ್ಲ.

ಹಾವಿನ ವಿಷಯವೂ ಅಷ್ಟೇ. ಕಬ್ಬಿನ ಗದ್ದೆಗಳ ಈ ಸೀಮೆಯಲ್ಲಿ ಮಂತ್ರ ಹಾಕಿಸಲು ಹೋಗಿ ಕಳೆಯುವ ಒಂದು ಗಂಟೆ ಜೀವದ ಬೆಲೆ. ಕಚ್ಚಿದ ಜಾಗವನ್ನು ಕೊಯ್ಯಬಾರದು, ಬಿಗಿದು ಕಟ್ಟಬಾರದು, ಕಾಲನ್ನು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಬೇಕು. ಹಾವು, ಚೇಳು, ನಾಯಿ ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರತಂತ್ರ ಮಾಡುವುದು ಕರ್ನಾಟಕದ 2017ರ ಅಮಾನವೀಯ ಮೌಢ್ಯಾಚರಣೆ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಹಿರಿಯರೊಬ್ಬರು ಹಠ ಹಿಡಿದರೆ ಈ ಕಾನೂನನ್ನು ಅವರ ಮೇಲೆ ಬೀಸಬೇಡಿ. ‘ಇವಾಗ ಕೇಸಾಗುತ್ತಂತೆ ಮಾವ, ಮೊದ್ಲು ಆಸ್ಪತ್ರೆ, ಆಮೇಲೆ ಹರಕೆ’ ಎಂದು ನೆಪ ಮಾಡಿಕೊಳ್ಳಿ. ಅವರಿಗೂ ಹಿಂದೆ ಸರಿಯಲು ಒಂದು ಬಾಗಿಲು ಬೇಕು.

ಮುಟ್ಟಿನ ವಿಷಯವನ್ನು ಹೆಣ್ಣುಮಗುವಿಗೆ ಒಂಬತ್ತು ಹತ್ತರೊಳಗೆ ಹೇಳಿರಬೇಕು, ಗಂಡುಮಗುವಿಗೂ. ಆಮೇಲೆ ಬರುವುದು ಗುಡ್ಲು, ಆರತಿ, ಸೋದರಮಾವ, ಚಿಗಳಿ, ಕೊಬ್ಬರಿ. ಇದು ‘ಮಗುವೇ ಹೇಳಲಿ’ ಕಾಲಂಗೆ ಸೇರಿದ್ದು. ಕೆಲವು ಹುಡುಗಿಯರಿಗೆ ಸೀರೆ, ಸಂಭ್ರಮ ಖುಷಿ; ಕೆಲವರಿಗೆ ಇಡೀ ಬೀದಿಗೆ ತನ್ನ ಮೈಯ ಸುದ್ದಿ ಹೇಳಿದಂತೆ. ಅವಳನ್ನೇ ಕೇಳಿ, ಬೇಡವೆಂದರೆ ಬೇಡ. ದೇವರಮನೆಗೆ ಹೋಗಬಾರದೆಂಬುದು ಅಜ್ಜಿಯ ನಿಯಮವಾದರೆ ಅಜ್ಜಿಯ ದೇವರಮನೆಯ ಮಟ್ಟಿಗೆ ಅದು ಇರಲಿ, ‘ಇದು ಅಜ್ಜಿ ಪದ್ಧತಿ, ನಿನ್ನ ಮೈಯಲ್ಲಿ ಮೈಲಿಗೆ ಅನ್ನೋದೇನೂ ಇಲ್ಲ’ ಎಂದು ಅವಳಿಗೆ ಬಿಡಿಸಿ ಹೇಳಿ. ಹಾಸಿಗೆ, ಸ್ನಾನ, ಊಟ, ಶಾಲೆ, ಇವುಗಳಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಒಪ್ಪಬೇಡಿ.

ಗ್ರಹಣದ ದಿನ

2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಕಡೆ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತ ಸುದ್ದಿ ಬಂತು. ಅದೇ ಹೊತ್ತಿನಲ್ಲಿ ಕೊಡಗಿನ ಕುಟ್ಟದಲ್ಲಿ ಜನ ನಿಂತು ಕಂಕಣ ನೋಡುತ್ತಿದ್ದರು. 2031ರ ಮೇ 21ರಂದು ಇನ್ನೊಂದು ಕಂಕಣ ಗ್ರಹಣ ಕೇರಳ, ತಮಿಳುನಾಡುಗಳ ಮೇಲೆ ಹಾದುಹೋಗಲಿದೆ, ನಮ್ಮ ಕಡೆ ಅದು ಪಾರ್ಶ್ವಗ್ರಹಣ.

ಊಟದ ಜಗಳಕ್ಕೆ ಪಂಚಾಂಗದಲ್ಲೇ ಪರಿಹಾರವಿದೆ. ಸೂರ್ಯಗ್ರಹಣಕ್ಕೆ ನಾಲ್ಕು ಜಾವ ಅಂದರೆ 12 ಗಂಟೆ ಮೊದಲು, ಚಂದ್ರಗ್ರಹಣಕ್ಕೆ ಮೂರು ಜಾವ ಅಂದರೆ 9 ಗಂಟೆ ಮೊದಲು ಊಟ ನಿಲ್ಲಿಸಬೇಕೆಂಬ ರೂಢಿ ಹೇಳುವ ಅದೇ ಪಂಚಾಂಗ, ಮಕ್ಕಳು, ಮುದುಕರು, ಕಾಯಿಲೆಯವರಿಗೆ ಸಡಿಲಿಕೆಯನ್ನೂ ಕೊಡುತ್ತದೆ. ಅದನ್ನು ಅಜ್ಜಿಯಿಂದಲೇ ಓದಿಸಿ. ಮಗುವಿಗೂ, ಬಸುರಿಗೂ, ಸಕ್ಕರೆ ಕಾಯಿಲೆಯ ತಾತನಿಗೂ ಊಟ ಸಿಕ್ಕಿತು, ಅಜ್ಜಿಯ ಗರಿಕೆಯೂ ಡಬ್ಬಿಯ ಮೇಲೆ ಉಳಿಯಿತು.

ನೋಡುವುದಕ್ಕೆ ಸುಲಭ ಉಪಾಯ ಸೂಜಿರಂಧ್ರ. ದಪ್ಪ ರಟ್ಟಿನಲ್ಲಿ 1 ಮಿ.ಮೀ. ತೂತು ಮಾಡಿ, ಸೂರ್ಯನಿಗೆ ಬೆನ್ನು ತಿರುಗಿಸಿ, ಬಿಸಿಲು ತೂತಿನ ಮೂಲಕ 2 ಮೀಟರ್ ದೂರದ ಬಿಳಿ ಹಾಳೆಯ ಮೇಲೆ ಬೀಳುವಂತೆ ಹಿಡಿದರೆ ಸುಮಾರು 18 ಮಿ.ಮೀ. ಅಗಲದ ಸೂರ್ಯ ಮೂಡುತ್ತಾನೆ. ದೂರವನ್ನು 108ರಿಂದ ಭಾಗಿಸಿದರೆ ಬಿಂಬದ ಅಗಲ ಸಿಗುತ್ತದೆ. ತೂತು ದೊಡ್ಡದಾದರೆ ಬಿಂಬ ಮಸುಕು, ತೀರಾ ಹತ್ತಿರ ಹಿಡಿದರೆ ಅಚ್ಚು ಕಾಣದಷ್ಟು ಚಿಕ್ಕದು. ರಟ್ಟೂ ಇಲ್ಲವಾದರೆ ಹೊಂಗೆಮರದ ಕೆಳಗೆ ನೆಲ ನೋಡಿ, ಎಲೆಗಳ ಸಂದುಗಳೇ ತೂತುಗಳಾಗಿ ನೂರಾರು ಕುಡುಗೋಲು ಸೂರ್ಯರು ಬಿದ್ದಿರುತ್ತಾರೆ. ಇದಕ್ಕೆ ಅಜ್ಜಿಯನ್ನೂ ಕರೆಯಬಹುದು, ನೆಲ ನೋಡಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿದ ಗಾಜು, ಕೂಲಿಂಗ್ ಗ್ಲಾಸ್, ಅರಿಸಿನ ನೀರಿನ ತಟ್ಟೆಯ ಪ್ರತಿಬಿಂಬ, ಯಾವುದೂ ಸುರಕ್ಷಿತವಲ್ಲ. ನೇರ ನೋಡಲು ಐಎಸ್ಒ 12312-2 ಗುರುತಿನ ಗ್ರಹಣ ಕನ್ನಡಕವೇ ಬೇಕು, ಅದರಲ್ಲಿ ಗೀರು ಬಿದ್ದಿದ್ದರೆ ಎಸೆಯಿರಿ. ಚಂದ್ರಗ್ರಹಣವನ್ನು ಬರಿಗಣ್ಣಿನಲ್ಲಿ ಎಷ್ಟು ಹೊತ್ತಾದರೂ ನೋಡಬಹುದು.

ಪರೀಕ್ಷೆ ಮಾಡುವುದನ್ನು ಕಲಿಸುವುದು

ಚಿಕ್ಕಪ್ಪಂದಿರು ಸಾಮಾನ್ಯವಾಗಿ ಇಲ್ಲಿ ಎಡವುತ್ತಾರೆ. ಮಗುವಿನ ಬಾಯಲ್ಲಿ ‘ದೇವರಿಲ್ಲ’ ಎಂದು ನೆಂಟರ ಮುಂದೆ ಹೇಳಿಸಿ ಚಪ್ಪಾಳೆ ತಟ್ಟುವುದಕ್ಕೂ ಅರ್ಥ ತಿಳಿಯದ ಶ್ಲೋಕ ಒಪ್ಪಿಸಿ ಚಪ್ಪಾಳೆ ತಟ್ಟುವುದಕ್ಕೂ ನನಗೆ ವ್ಯತ್ಯಾಸ ಕಂಡಿಲ್ಲ. ಕಲಿಸಬೇಕಾದದ್ದು ಪರೀಕ್ಷಿಸುವ ಕ್ರಮ, ಅದಕ್ಕೆ ಅಜ್ಜ ಅಜ್ಜಿಯರು ಸೋಲಲೇಬೇಕೆಂದೇನೂ ಇಲ್ಲದ ವಿಷಯ ಆರಿಸಿಕೊಳ್ಳಿ.

ಮಳೆ ಅತ್ಯುತ್ತಮ. ರೈತ ತಾತಂದಿರು ಮಳೆ ನಕ್ಷತ್ರ ಹಿಡಿದು ಹೇಳುತ್ತಾರೆ. ವರ್ಷಕ್ಕೆ 27 ನಕ್ಷತ್ರ, ಒಂದೊಂದಕ್ಕೆ 13–14 ದಿನ. ನಾಳೆ ಮಳೆ ಬರುತ್ತೋ ಇಲ್ಲವೋ ಎಂದು ತಾತ ಒಂದು, ಫೋನಿನ ಹವಾಮಾನ ಆ್ಯಪ್ ಒಂದು, ಮಗು ನಾಣ್ಯ ಚಿಮ್ಮಿ ಒಂದು — ಮೂವರ ಭವಿಷ್ಯವನ್ನೂ ಹಿಂದಿನ ಸಂಜೆಯೇ ಪುಸ್ತಕದಲ್ಲಿ ಬರೆಯಬೇಕು. 20 ದಿನ. ತಪ್ಪುಗಳಾಗುವುದು ಎಲ್ಲಿ ಎಂಬುದೇ ಪಾಠ. ಮಳೆ ಬಂದ ಮೇಲೆ ಬರೆದರೆ ಎಲ್ಲರೂ ಸರಿ. ‘ಬರಬಹುದು’ ಎಂದು ಬರೆಯಲು ಬಿಟ್ಟರೆ ಯಾರೂ ಸೋಲುವುದಿಲ್ಲ. ಫೆಬ್ರವರಿಯಲ್ಲಿ ಮಾಡಿದರೆ ‘ಇಲ್ಲ’ ಎಂದವರು ಸುಮ್ಮನೆ ಗೆಲ್ಲುತ್ತಾರೆ, ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾಡಿ. 10 ದಿನಕ್ಕೇ ನಿಲ್ಲಿಸಬೇಡಿ. ನಾಣ್ಯ ಚಿಮ್ಮಿಯೂ 10ರಲ್ಲಿ 7 ಅಥವಾ ಹೆಚ್ಚು ಸರಿ ಬರುವ ಸಾಧ್ಯತೆ ಶೇ 17ರಷ್ಟಿದೆ. 20ರಲ್ಲಿ 15 ದಾಟುವುದೋ 15 ಮುಟ್ಟುವುದೋ ಶೇ 2ರಷ್ಟು ಮಾತ್ರ. ತಾತ ಗೆದ್ದರೆ ‘ಹೇಗೆ ಗೊತ್ತಾಯ್ತು’ ಎಂದು ಕೇಳಲಿ: ಗಾಳಿಯ ದಿಕ್ಕು, ಇರುವೆ, ಸೆಕೆ, ತಾತನ ಬಳಿ ಉತ್ತರವಿರುತ್ತದೆ.

ರಾಹುಕಾಲವನ್ನೂ ಲೆಕ್ಕವಾಗಿ ಕಲಿಸಿ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಎಂಟು ಪಾಲು ಮಾಡಿದರೆ ಸೋಮವಾರ ಎರಡನೆಯದು, ಶನಿವಾರ ಮೂರನೆಯದು, ಶುಕ್ರವಾರ ನಾಲ್ಕನೆಯದು, ಹೀಗೆ. ಬೆಳಿಗ್ಗೆ ಆರಕ್ಕೆ ಉದಯ, ಸಂಜೆ ಆರಕ್ಕೆ ಅಸ್ತ ಎಂದಿಟ್ಟುಕೊಂಡರೆ ಶುಕ್ರವಾರದ್ದು 10.30ರಿಂದ 12. ಶುಕ್ರವಾರ ಬೆಳಗಿನ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಇಡೀ ರಾಜ್ಯದ ಮಕ್ಕಳು ಅದೇ ಹೊತ್ತಿನಲ್ಲಿ ಬರೆಯುತ್ತಾರೆ, ಪಾಸಾಗುವವರೂ ಫೇಲಾಗುವವರೂ. ಇಷ್ಟನ್ನು ಮಗುವೇ ಕಂಡುಕೊಳ್ಳಲಿ, ನೀವು ಹೇಳಿದರೆ ಉಪನ್ಯಾಸವಾಗುತ್ತದೆ.

ಬೆಟ್ಟದ ಮಹಿಷ, ಪಟ್ಟಣದ ಟಿಪ್ಪು

ನಮ್ಮ ಊರುಗಳ ಅದೃಷ್ಟವೆಂದರೆ ಭಿನ್ನ ನಂಬಿಕೆ ತೋರಿಸಲು ದೂರ ಹೋಗಬೇಕಿಲ್ಲ. ಚಾಮುಂಡಿ ಬೆಟ್ಟದ ಮೇಲೆ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದ ಮಹಿಷಾಸುರನ ಮುಂದೆ ಫೋಟೊ ತೆಗೆಸಿಕೊಳ್ಳದ ಮಗುವಿಲ್ಲ. ಪುರಾಣದಲ್ಲಿ ಅವನು ದೇವಿ ಕೊಂದ ರಾಕ್ಷಸ. ಮಹಿಷ ದಸರಾ ಆಚರಿಸುವವರಿಗೆ ಅವನು ಈ ನೆಲವನ್ನಾಳಿದ ಬೌದ್ಧ ಅರಸ. ಎಂಟು ವರ್ಷ ದಾಟಿದ ಮಗುವಿಗೆ ಎರಡನ್ನೂ ಹೇಳಿ, ಪ್ರತಿಯೊಂದಕ್ಕೂ ‘ಯಾರು ಹೇಳ್ತಾರೆ, ಯಾವ ಆಧಾರದ ಮೇಲೆ’ ಎಂದು ಜೊತೆಗೆ ಕೇಳಿ. ಮೇಲುಕೋಟೆಯಲ್ಲಿ ಚೆಲುವನಾರಾಯಣನ ಉತ್ಸವಮೂರ್ತಿಯ ಪಾದದ ಬಳಿ ಬೀಬಿ ನಾಚ್ಚಿಯಾರ್ ಇದ್ದಾಳೆ, ಮೂರ್ತಿಯ ಮೇಲಿನ ಪ್ರೀತಿಯಿಂದ ಹಿಂಬಾಲಿಸಿ ಬಂದ ದೆಹಲಿ ಸುಲ್ತಾನನ ಮಗಳು ಎಂಬುದು ಐತಿಹ್ಯ. ನಂಜನಗೂಡಿನ ನಂಜುಂಡನನ್ನು ಟಿಪ್ಪು ‘ಹಕೀಮ್ ನಂಜುಂಡ’ ಎಂದ ಕಥೆ, ಪಚ್ಚೆ ಲಿಂಗದ ಕಥೆ ಎಲ್ಲರಿಗೂ ಗೊತ್ತು. ಕಂಬದಹಳ್ಳಿಯ ಬಸದಿ, ಬೈಲಕುಪ್ಪೆಯ ಟಿಬೆಟನ್ ವಿಹಾರ, ಸೇಂಟ್ ಫಿಲೋಮಿನಾ ಚರ್ಚು, ಶ್ರೀರಂಗಪಟ್ಟಣದ ಎರಡು ಮಿನಾರಿನ ಮಸೀದಿ, ಎಲ್ಲವೂ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವ ದೂರ. ಹೋಗುವಾಗ ಪ್ರಾರ್ಥನೆಯ ಹೊತ್ತು ತಪ್ಪಿಸಿ, ಚಪ್ಪಲಿ, ತಲೆಬಟ್ಟೆ, ಫೋಟೊ ನಿಯಮಗಳನ್ನು ಬಾಗಿಲಲ್ಲೇ ಕೇಳಿ. ಒಂದು ದಿನಕ್ಕೆ ಒಂದೇ ಜಾಗ ಸಾಕು. ಮೂರು ನಾಲ್ಕು ಸುತ್ತಿಸಿದರೆ ಮಗುವಿಗೆ ನೆನಪಿರುವುದು ಐಸ್‌ಕ್ರೀಮ್.

ಟಿಪ್ಪು ವಿಷಯ ಮಾತ್ರ ಹನ್ನೊಂದರ ಮೇಲೆ. ಮಂಡ್ಯ ಜಿಲ್ಲೆಯಲ್ಲಿ ಇದಕ್ಕಿಂತ ಬೇಗ ಊಟದ ಮನೆ ಬಿಸಿಯಾಗುವ ಹೆಸರಿಲ್ಲ. ಮಂಡ್ಯಂ ಅಯ್ಯಂಗಾರ್ ಮನೆತನಗಳಲ್ಲಿ ಹಲವರು ನರಕ ಚತುರ್ದಶಿಯ ದೀಪಾವಳಿ ಆಚರಿಸುವುದಿಲ್ಲ, ತಮ್ಮ ಹಿರಿಯರನ್ನು ಟಿಪ್ಪು ಕೊಲ್ಲಿಸಿದ ದಿನವೆಂಬ ನೆನಪು ಅದು. 1791ರಲ್ಲಿ ಮರಾಠಾ ಪಡೆ ಶೃಂಗೇರಿಯನ್ನು ಲೂಟಿ ಮಾಡಿದಾಗ ಮಠಕ್ಕೆ ನೆರವು ಕಳಿಸಿದವನೂ ಅವನೇ. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಸತ್ತ. ಮೂರನ್ನೂ ಒಟ್ಟಿಗೆ ಕೈಯಲ್ಲಿ ಹಿಡಿಯಲು ಕಲಿತ ಮಗು ವಾಟ್ಸ್ಆ್ಯಪ್ ಸುದ್ದಿಗಳಿಗೆ ಅಷ್ಟು ಸುಲಭವಾಗಿ ಬಲಿಯಾಗುವುದಿಲ್ಲ. 2023ರಲ್ಲಿ ಉರಿಗೌಡ, ನಂಜೇಗೌಡ ಎಂಬಿಬ್ಬರು ಟಿಪ್ಪುವನ್ನು ಕೊಂದರೆಂಬ ಮಾತು ಜೋರಾಗಿ ಓಡಾಡಿತು. ಆಗ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರು ಶಾಸನ, ದಾಖಲೆಗಳ ಆಧಾರವಿಲ್ಲದೆ ಗೊಂದಲ ಎಬ್ಬಿಸಬಾರದೆಂದರು, ಆ ಕುರಿತ ಸಿನಿಮಾ ಪ್ರಯತ್ನವೂ ನಿಂತಿತು. ಆಧಾರ ಕೇಳುವುದು ನಾಸ್ತಿಕರ ಕೆಲಸ ಮಾತ್ರ ಎಂದುಕೊಂಡಿರುವ ಮಕ್ಕಳಿಗೆ, ದೊಡ್ಡವರಿಗೂ, ಈ ಉದಾಹರಣೆ ಚೆನ್ನಾಗಿ ಹತ್ತುತ್ತದೆ.

‘ನಿಮ್ದು ಯಾವ ಜನ?’

ಶಾಲೆಯಿಂದ ಮಗು ಈ ಪ್ರಶ್ನೆ ಹೊತ್ತು ತಂದೇ ತರುತ್ತದೆ. ‘ಜಾತಿ ಅನ್ನೋದೇ ಇಲ್ಲ’ ಎಂದು ತಳ್ಳಿಹಾಕಿದರೆ ಸುಳ್ಳಾಗುತ್ತದೆ. ಶಾಲೆಯ ಅರ್ಜಿಯಲ್ಲೇ ಆ ಕಾಲಂ ಇದೆ. ‘ನಮ್ಮನ್ನ ಇಂಥೋರು ಅಂತ ಕರೀತಾರೆ. ಅದನ್ನ ಕೇಳ್ಕೊಂಡು ಯಾರ ಜೊತೆ ಆಡ್ಬೇಕು, ಯಾರ ಮನೇಲಿ ನೀರು ಕುಡೀಬೇಕು ಅಂತ ತೀರ್ಮಾನ ಮಾಡೋದು ತಪ್ಪು’ ಎಂಬುದು ಏಳು ವರ್ಷಕ್ಕೆ ಸಾಕು. ಹತ್ತರ ಮೇಲೆ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದ್ದನ್ನು, ಅದು ಊರಲ್ಲಿ ಎಲ್ಲೆಲ್ಲಿ ಇನ್ನೂ ಉಳಿದಿದೆ ಎಂಬುದನ್ನು ಹೇಳಿ. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಎಲ್ಲ ಜನರೂ ಒಟ್ಟಿಗೆ ಕೂತು ಉಣ್ಣುವುದನ್ನೂ ಹೇಳಿ, ನಂಬಿಕೆಯೊಳಗಿನಿಂದಲೇ ಬಂದ ಉತ್ತರವದು.

ಅಜ್ಜಿಯ ಗೌರವ ಕಾಯುವ ಮಾತು ಇಲ್ಲಿ ಕೊನೆಯಾಗುತ್ತದೆ. ಮಗುವಿನ ಗೆಳೆಯನಿಗೆ ಬೇರೆ ಲೋಟ ಬಂದರೆ ಎರಡು ದಿನ ಕಾಯಬೇಡಿ. ಏನೂ ಹೇಳದೆ ಆ ಲೋಟದಲ್ಲಿ ನೀವು ಕುಡಿದು, ಗೆಳೆಯನಿಗೆ ನಿಮ್ಮ ಲೋಟ ಕೊಡಿ. ಮಾತು ಆಮೇಲೆ ಒಳಗೆ ನಡೆಯಲಿ. ಮಗು ನೋಡಬೇಕಾದದ್ದನ್ನು ನೋಡಿರುತ್ತದೆ.

ಮಗು ನಿಮ್ಮಂತಾಗದಿದ್ದರೆ

ಶಾಲೆಯ ಪೂಜೆ, ಪ್ರಾರ್ಥನೆ ಬೇಡವೆನಿಸಿದರೆ ಸಂವಿಧಾನದ 28(3)ನೇ ವಿಧಿ ನಿಮ್ಮ ಬೆನ್ನಿಗಿದೆ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆ, ಪೂಜೆಗೆ ಕೂರಿಸುವಂತಿಲ್ಲ. ಆದರೆ ಪತ್ರ ಬರೆಯುವ ಮೊದಲು ಮಗುವಿಗೆ ಆ ಹತ್ತು ನಿಮಿಷ ಗೆಳೆಯರಿಂದ ಬೇರೆ ಕೂರುವುದು ಇಷ್ಟವೋ ಕೇಳಿ.

ಹದಿನಾಲ್ಕು, ಹದಿನೈದರಲ್ಲಿ ಮಕ್ಕಳು ಪಕ್ಷ ಬದಲಿಸುತ್ತಾರೆ. ಭಕ್ತರ ಮನೆಯ ಹುಡುಗ ಕಾಲಿಗೆ ಬೀಳಲ್ಲ ಎನ್ನುತ್ತಾನೆ. ವಿಚಾರವಾದಿಗಳ ಮನೆಯ ಹುಡುಗಿ ಚಪ್ಪಲಿ ಬಿಟ್ಟು ಬೆಟ್ಟ ಹತ್ತಿ, ಮಂಗಳವಾರ ಉಪವಾಸ ಹಿಡಿಯುತ್ತಾಳೆ. ಎರಡನೆಯದನ್ನು ಸಹಿಸುವುದು ಕಷ್ಟ ಎಂದು ಒಪ್ಪುವ ಪ್ರಗತಿಪರರು ಕಡಿಮೆ. ಅವಳಿಗೂ ಅದೇ ಅಳತೆ: ಮೈಗೆ ಅಪಾಯವಿದೆಯೇ, ಇನ್ನೊಬ್ಬರನ್ನು ಕೀಳಾಗಿ ಕಾಣುತ್ತಿದ್ದಾಳೆಯೇ? ಎರಡೂ ಇಲ್ಲವಾದರೆ ಮಂಗಳವಾರ ರಾತ್ರಿ ಅವಳಿಗೆ ಅವಲಕ್ಕಿ ಮಾಡಿಕೊಡಿ. ದಿಢೀರನೆ ಹಳೆಯ ಗೆಳೆಯರನ್ನೆಲ್ಲ ಬಿಟ್ಟಿದ್ದರೆ, ಹೊಸ ಗುಂಪಿನ ಬಗ್ಗೆ ಮನೆಯಲ್ಲಿ ಮಾತಾಡಬಾರದೆಂದು ಯಾರೋ ಹೇಳಿಕೊಟ್ಟಿದ್ದರೆ, ಹಣ ಕೇಳುತ್ತಿದ್ದರೆ ಅದು ಬೇರೆ ವಿಷಯ, ಆಗ ಆ ಗುಂಪಿನವರನ್ನು ಖುದ್ದಾಗಿ ಹೋಗಿ ನೋಡಿ. ಕಾಲಿಗೆ ಬೀಳದ ಹುಡುಗನಿಗೆ ಅಜ್ಜಿಗೆ ಕೈಮುಗಿಯುವುದೋ, ಪಕ್ಕ ಕೂತು ‘ಹೇಗಿದ್ದೀಯಜ್ಜಿ’ ಅನ್ನುವುದೋ, ಯಾವುದು ಬರುತ್ತದೆ ಎಂದು ಹಬ್ಬಕ್ಕೆ ಹೊರಡುವ ಮೊದಲು ಮನೆಯಲ್ಲೇ ಕೇಳಿಕೊಳ್ಳಿ, ಅಜ್ಜಿಗೂ ಮುಂಚೆಯೇ ಫೋನ್ ಮಾಡಿ ತಿಳಿಸಿ. ಬಹಳಷ್ಟು ಅಜ್ಜಿಯರಿಗೆ ಎರಡನೆಯದೇ ಸಾಕಾಗಿರುತ್ತದೆ.